ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ: ಕಾರಿನ ನಿಜವಾದ ವೇಗ ಗಂಟೆಗೆ 7.7 ಕಿ.ಮೀ.

ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಸುಮಾರು 15 ಕಿ.ಮೀ. ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳ ಬೆಳಗಿನ ಓಡಾಟ ಇಷ್ಟೇ ದೂರದ್ದು, ಇಲ್ಲವೇ ಇದಕ್ಕಿಂತ ಕಡಿಮೆ. ಕಾರಿನಲ್ಲಿ ಹೋದರೆ ಖರ್ಚೆಷ್ಟು ಎಂದು ಕೇಳಿ ನೋಡಿ, ಪೆಟ್ರೋಲಿನ ಲೆಕ್ಕ ಹೇಳುತ್ತಾರೆ. ಎಷ್ಟು ಹೊತ್ತು ಎಂದು ಕೇಳಿ, ಸ್ಟೀರಿಂಗ್ ಹಿಡಿದ ಹೊತ್ತನ್ನು ಹೇಳುತ್ತಾರೆ. ಎರಡೂ ಅರ್ಧ ಲೆಕ್ಕ. ಉಳಿದರ್ಧವನ್ನೂ ಕೂಡಿಸಿದರೆ ಈ ಭಾಗದಲ್ಲಿ ಕೆಲಸಕ್ಕೆ ಹೋಗುವ ದಾರಿಗಳಲ್ಲೆಲ್ಲ ನಿಧಾನದ್ದು ಕಾರೇ ಎಂದು ಕಾಣುತ್ತದೆ.

ಮೊದಲು ದುಡ್ಡಿನ ಲೆಕ್ಕ. ಶೋರೂಮ್ ಬೆಲೆ ಏಳೂವರೆ ಲಕ್ಷದ ಒಂದು ಚಿಕ್ಕ ಕಾರು ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 14, ಆ ತೆರಿಗೆಯ ಮೇಲೆ ಶೇ 11 ಸೆಸ್. ಅಲ್ಲಿಗೆ 1,16,550 ರೂ. ವಿಮೆ, ನೋಂದಣಿ, ಸಣ್ಣಪುಟ್ಟ ಸಾಮಾನು ಸೇರಿ ರಸ್ತೆಗಿಳಿಯುವಾಗ 9 ಲಕ್ಷ ಎಂದುಕೊಳ್ಳೋಣ. ಹತ್ತು ವರ್ಷ ಓಡಿಸಿ ಎರಡೂವರೆ ಲಕ್ಷಕ್ಕೆ ಮಾರಿದರೆ ಕರಗಿದ್ದು ಆರೂವರೆ ಲಕ್ಷ, ಅಂದರೆ ತಿಂಗಳಿಗೆ 5,417 ರೂ. ಏಳು ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷದ ಕಂತು ಎಂದರೆ ಬಡ್ಡಿಯೇ 1.72 ಲಕ್ಷ. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,432 ರೂ. ವಿಮೆಗೆ ವರ್ಷಕ್ಕೆ 15,000, ಸರ್ವೀಸ್, ಟೈರು, ಬ್ಯಾಟರಿಗೆ 18,000 ಹಿಡಿದರೆ ಎರಡೂ ಸೇರಿ ತಿಂಗಳಿಗೆ 2,750. ಕೆಲಸದ ಓಡಾಟ 25 ದಿನಕ್ಕೆ 750 ಕಿ.ಮೀ., ಭಾನುವಾರದ ತಿರುಗಾಟ ಸೇರಿ ತಿಂಗಳಿಗೆ 1,000 ಕಿ.ಮೀ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 12 ಕಿ.ಮೀ., ಪೆಟ್ರೋಲು 103 ರೂ. ಎಂದರೆ ಇಂಧನಕ್ಕೆ 8,583 ರೂ. ಒಟ್ಟು ತಿಂಗಳಿಗೆ 18,182. ಒಂದು ಕಿ.ಮೀ.ಗೆ 18 ರೂಪಾಯಿ ಚಿಲ್ಲರೆ.

ಈ ಹದಿನೆಂಟರಲ್ಲಿ ಪೆಟ್ರೋಲಿನ ಪಾಲು ಅರ್ಧಕ್ಕಿಂತ ಕಡಿಮೆ. ಎಂಟೂವರೆ ರೂಪಾಯಿ ಕಣ್ಣಿಗೆ ಬೀಳುತ್ತದೆ, ಒಂಬತ್ತೂವರೆ ಬೀಳುವುದಿಲ್ಲ. ಕೆಲಸಕ್ಕೆ ಹೋಗಿಬರುವ 750 ಕಿ.ಮೀ.ಗೆ ನಿಜವಾಗಿ ತಗಲುವುದು 13,600 ರೂ. ಅದೇ ದೂರಕ್ಕೆ ಮೆಟ್ರೊದಲ್ಲಿ ಒಂದು ಸಲಕ್ಕೆ 60 ರೂ. ಹಿಡಿದು, ಸ್ಮಾರ್ಟ್ ಕಾರ್ಡಿನ ಶೇ 5 ರಿಯಾಯಿತಿ ಕಳೆದರೆ ತಿಂಗಳಿಗೆ 2,850. ಬಿಎಂಟಿಸಿಯ ಸಾಮಾನ್ಯ ಮಾಸಿಕ ಪಾಸು 2025ರ ಜನವರಿಯಲ್ಲಿ 1,050ರಿಂದ 1,200ಕ್ಕೆ ಏರಿತು. ಶಕ್ತಿ ಯೋಜನೆ ಶುರುವಾದ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಆ ಖರ್ಚೂ ಇಲ್ಲ.

ಕಾರು ಒಂದು ಸಲ ಮನೆಗೆ ಬಂತೆಂದರೆ ಯಾರೂ 13,600ನ್ನು 2,850ರ ಪಕ್ಕದಲ್ಲಿಟ್ಟು ನೋಡುವುದಿಲ್ಲ. ಕಂತು ಹೇಗೂ ಕಟ್ಟಬೇಕು, ವಿಮೆ ಹೇಗೂ ಕಟ್ಟಬೇಕು, ತೆರಿಗೆ ಮೊದಲೇ ಕಟ್ಟಿಯಾಗಿದೆ. ಉಳಿದದ್ದು 750 ಕಿ.ಮೀ.ಗೆ ಬೇಕಾಗುವ 6,440 ರೂಪಾಯಿಯ ಪೆಟ್ರೋಲು ಮಾತ್ರ. ಗಂಡ ಹೆಂಡತಿ ಇಬ್ಬರೂ ಒಂದೇ ದಿಕ್ಕಿಗೆ ಹೋಗುವವರಾದರೆ ಮೆಟ್ರೊಗೆ 5,700. ವ್ಯತ್ಯಾಸ 740 ರೂ. ಇಷ್ಟಕ್ಕಾಗಿ ನೂಕುನುಗ್ಗಲಿನಲ್ಲಿ ಯಾಕೆ ನಿಲ್ಲಬೇಕು ಎಂದು ಅವರಿಗೆ ಅನ್ನಿಸಿದರೆ ಅದು ಸೋಮಾರಿತನವಲ್ಲ, ಅವರ ಮುಂದಿರುವ ಲೆಕ್ಕವೇ ಹಾಗಿದೆ. 2025ರ ಫೆಬ್ರವರಿ 9ರಂದು ಮೆಟ್ರೊದ ಗರಿಷ್ಠ ದರ 60ರಿಂದ 90ಕ್ಕೆ ಜಿಗಿದದ್ದು ಇಂಥ ಮನೆಗಳನ್ನೇ ತಟ್ಟಿತು. ಸರ್ಕಾರ ಕಾರಿನ ಮೇಲೆ ತೆರಿಗೆಯನ್ನೆಲ್ಲ ಮೊದಲ ದಿನವೇ ಪಡೆದುಬಿಡುತ್ತದೆ. ಆಮೇಲೆ ದಿನ ಓಡಿಸಿದರೂ, ವಾರಕ್ಕೊಮ್ಮೆ ಓಡಿಸಿದರೂ ಆ ಮೊತ್ತ ಬದಲಾಗದು. ಮೆಟ್ರೊದಲ್ಲಾದರೆ ಪ್ರತಿ ಪ್ರಯಾಣಕ್ಕೂ ಕೈಯಿಂದ ಬಿಚ್ಚಬೇಕು. ಕಾರಿನ ಲೆಕ್ಕ ಮಾಡಬೇಕಾದ್ದು ಕೊಳ್ಳುವ ಮುಂಚೆ. ಎರಡನೇ ಕಾರಿನ ಲೆಕ್ಕವಂತೂ ಖಂಡಿತ ಕೊಳ್ಳುವ ಮುಂಚೆಯೇ.

ಇನ್ನು ಹೊತ್ತು. ಟಾಮ್‌ಟಾಮ್ ಸಂಸ್ಥೆಯ 2024ರ ಟ್ರಾಫಿಕ್ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಗಂಟೆಗೆ ಹದಿನೇಳೂವರೆ ಕಿ.ಮೀ. 15 ಕಿ.ಮೀ.ಗೆ 51 ನಿಮಿಷ, ತಿಂಗಳ 50 ಪ್ರಯಾಣಕ್ಕೆ 42.7 ಗಂಟೆ. ಕಾರಿನವರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಚಿಂತಕ ಇವಾನ್ ಇಲಿಚ್ 1970ರ ದಶಕದಲ್ಲಿ ಒಂದು ಹೆಜ್ಜೆ ಮುಂದೆ ಹೋದ. ಕಾರು ಓಡಿಸುವ ಹೊತ್ತಿನ ಜೊತೆಗೆ ಕಾರಿಗಾಗಿ ದುಡಿಯುವ ಹೊತ್ತನ್ನೂ ಸೇರಿಸಿದ. ಸಾಮಾನ್ಯ ಅಮೆರಿಕದವನೊಬ್ಬ ವರ್ಷಕ್ಕೆ 1,600 ಗಂಟೆ ಕಾರಿಗೆ ಕೊಟ್ಟು 7,500 ಮೈಲಿ ಹೋಗುತ್ತಾನೆ, ಅಂದರೆ ಗಂಟೆಗೆ ಐದು ಮೈಲಿಗೂ ಕಡಿಮೆ, ಎಂಟು ಕಿ.ಮೀ. ಒಳಗೆ ಎಂದು ತೋರಿಸಿದ. ಅದೇ ತಕ್ಕಡಿಯಲ್ಲಿ ನಮ್ಮ ಮೈಸೂರು ರಸ್ತೆಯನ್ನು ತೂಗೋಣ.

ತಿಂಗಳಿಗೆ 50,000 ರೂ. ಕೈಗೆ ಬರುವ ನೌಕರ 25 ದಿನ, ದಿನಕ್ಕೆ 8 ಗಂಟೆ ದುಡಿದರೆ ಒಂದು ಗಂಟೆಯ ದುಡಿಮೆ 250 ರೂ. 13,600 ರೂ. ಗಳಿಸಲು 54.4 ಗಂಟೆ ಬೇಕು. ಓಡಿಸುವ 42.7 ಗಂಟೆಗೆ ಇದನ್ನು ಕೂಡಿಸಿದರೆ 97 ಗಂಟೆ. ಆ 97 ಗಂಟೆಯಲ್ಲಿ ಸಾಗಿದ್ದು 750 ಕಿ.ಮೀ. ಗಂಟೆಗೆ 7.7 ಕಿ.ಮೀ.! ಅರವತ್ತು ವರ್ಷದ ಹಿಂದಿನ ಸೈಕಲ್ ಸವಾರ ಇದಕ್ಕಿಂತ ಬೇಗ ಹೋಗುತ್ತಿದ್ದ. ಪಾರ್ಕಿಂಗ್ ಹುಡುಕುವ ಹೊತ್ತನ್ನು ನಾನು ಬಿಟ್ಟಿದ್ದೇನೆ, ಕಚೇರಿಯ ಹತ್ತಿರದ ಪಾರ್ಕಿಂಗ್ ಬಾಡಿಗೆಯನ್ನೂ ಬಿಟ್ಟಿದ್ದೇನೆ.

ಮೆಟ್ರೊ: ನಡಿಗೆ, ಕಾಯುವುದು ಸೇರಿ ಮನೆಯಿಂದ ಕಚೇರಿಗೆ 50 ನಿಮಿಷ ಹಿಡಿದರೆ ತಿಂಗಳಿಗೆ 41.7 ಗಂಟೆ. 2,850 ರೂ.ಗೆ ದುಡಿಮೆ 11.4 ಗಂಟೆ. ನಿಜವಾದ ವೇಗ ಗಂಟೆಗೆ 14.1 ಕಿ.ಮೀ. ದಿನಾ ನಿಲ್ದಾಣಕ್ಕೆ ಆಟೊದಲ್ಲೇ ಹೋಗಿ ಬಂದರೂ 12.4. ಬಸ್ಸು ನಿಧಾನ, 75 ನಿಮಿಷ ಹಿಡಿದಿದ್ದೇನೆ. ಆದರೂ ಪಾಸಿನವರಿಗೆ 11.1, ಶಕ್ತಿ ಟಿಕೆಟಿನವರಿಗೆ 12. ಗಂಟೆಗೆ 13 ಕಿ.ಮೀ. ತುಳಿಯುವ ಸೈಕಲ್ಲಿಗೆ 12.7. ಸ್ಕೂಟರ್ ಎಲ್ಲರಿಗಿಂತ ಮುಂದು: 40 ನಿಮಿಷದ ದಾರಿ, ಪೆಟ್ರೋಲು, ಸವಕಳಿ, ವಿಮೆ, ಸರ್ವೀಸ್ ಸೇರಿ ತಿಂಗಳಿಗೆ 3,200 ರೂ., ನಿಜವಾದ ವೇಗ 16.3. ಈ ಊರಿನ ವಾಹನಗಳಲ್ಲಿ ದ್ವಿಚಕ್ರಗಳೇ ಯಾಕೆ ಹೆಚ್ಚು ಎಂಬುದಕ್ಕೆ ಉತ್ತರ ಇಲ್ಲಿದೆ. ಮೆಟ್ರೊ ದರಕ್ಕೂ ಸ್ಕೂಟರಿನ ಖರ್ಚಿಗೂ ತಿಂಗಳಿಗೆ 350 ರೂಪಾಯಿ ವ್ಯತ್ಯಾಸ, ಇಬ್ಬರು ಕೂತರೆ ಸ್ಕೂಟರೇ ಅಗ್ಗ. ಕೈಕಾಲು ಮುರಿದರೆ, ಜೀವ ಹೋದರೆ ಆಗುವ ನಷ್ಟ ಈ ಲೆಕ್ಕದಲ್ಲಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ 2023ರಲ್ಲಿ 900ಕ್ಕೂ ಹೆಚ್ಚು ಜನ ಸತ್ತರು.

ಸಂಬಳ ಹೆಚ್ಚಿದವರಿಗೆ ಕಾರು ಬೇಗದ್ದಾಗುವುದಿಲ್ಲವೇ? ಆಗುತ್ತದೆ, ಆದರೆ ಸಾಕಷ್ಟಲ್ಲ. ತಿಂಗಳಿಗೆ ಒಂದು ಲಕ್ಷದವರಿಗೆ ಕಾರು 10.7, ಮೆಟ್ರೊ 15.8. ಎರಡು ಲಕ್ಷದವರಿಗೆ 13.3 ಮತ್ತು 16.8. ಕಾರು ಪುಕ್ಕಟೆ ಸಿಕ್ಕಿದರೂ ಹದಿನೇಳೂವರೆ ದಾಟುವುದಿಲ್ಲ, ಯಾಕೆಂದರೆ ಮುಂದಿನ ಕಾರು ಬಿಡುವುದಿಲ್ಲ. ಕಾರಿನ ಪರವಾಗಿ ತಿರುಗುವ ಒಂದೇ ಅಂಕಿ ಒಳಗೆ ಕೂತವರ ಸಂಖ್ಯೆ. ಮೂವರು ಖರ್ಚು ಹಂಚಿಕೊಂಡು ಹೋದರೆ ತಲಾ 12.3 ಕಿ.ಮೀ., ಮೆಟ್ರೊ ಮತ್ತು ಆಟೊದ ಜೋಡಿಗೆ ಸಮ. ಅಕ್ಕಪಕ್ಕದ ಮನೆಯವರು ಒಂದೇ ಕಾರಿನಲ್ಲಿ ಹೋಗುವುದನ್ನು ನಾನು ಗೌರವದಿಂದ ನೋಡುತ್ತೇನೆ.

ಜಾಗದ ಲೆಕ್ಕಕ್ಕೆ ಬಂದರೆ ಪಶ್ಚಿಮ ಬೆಂಗಳೂರಿನ ಕಷ್ಟ ಇನ್ನಷ್ಟು ಸ್ಪಷ್ಟ. ಒಂದು ಕಾರು ನಿಲ್ಲಿಸಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಹನ್ನೆರಡೂವರೆ ಚದರ ಮೀಟರ್, ಅಂದರೆ 135 ಚದರಡಿ. ವಿಜಯನಗರದ 30x40 ಸೈಟಿನಲ್ಲಿ ಅದು ಶೇ 11, 20x30 ಸೈಟಿನಲ್ಲಿ ಶೇ 22. ಚದರಡಿಗೆ 15,000 ಎಂದು ಕಡಿಮೆಯೇ ಹಿಡಿದರೂ ಆ ನೆಲದ ಬೆಲೆ 20 ಲಕ್ಷ. 9 ಲಕ್ಷದ ಕಾರು 20 ಲಕ್ಷದ ನೆಲದ ಮೇಲೆ ದಿನಕ್ಕೆ 22 ಗಂಟೆ ಸುಮ್ಮನೆ ನಿಂತಿರುತ್ತದೆ. ಮನೆಯೊಳಗೆ ಜಾಗವಿಲ್ಲದಿದ್ದರೆ ಅದು ಬೀದಿಯಲ್ಲಿ, ಬಾಡಿಗೆಯಿಲ್ಲದೆ. ಕಾಮಾಕ್ಷಿಪಾಳ್ಯದಲ್ಲಿ 135 ಚದರಡಿಯ ರೂಮಿನಲ್ಲಿ ಕಾರ್ಖಾನೆಯ ಕೆಲಸಗಾರರು ತಿಂಗಳ ಬಾಡಿಗೆ ಕೊಟ್ಟು ಸಂಸಾರ ಮಾಡುತ್ತಾರೆ. ಇದನ್ನು ನೋಡಿಯೂ ನೋಡದಂತೆ ಇರಲು ನನಗಾಗುವುದಿಲ್ಲ.

ರಾಜಾಜಿನಗರ 1949ರಲ್ಲಿ ರಾಜಾಜಿಯವರ ಹೆಸರಲ್ಲಿ ಹುಟ್ಟಿದ ಬಡಾವಣೆ. ಅದರ ಬ್ಲಾಕುಗಳು, ಅಡ್ಡರಸ್ತೆಗಳು, ಪಾರ್ಕು, ಶಾಲೆ, ತರಕಾರಿ ಅಂಗಡಿಗಳ ನಡುವಿನ ದೂರ ನಡೆದುಹೋಗುವವರ ದೂರ. 30 ಅಡಿ ರಸ್ತೆ ಎಂದರೆ ಒಂಬತ್ತು ಮೀಟರ್ ಚಿಲ್ಲರೆ. ಎರಡೂ ಬದಿ ಕಾರು ನಿಂತರೆ ಮೂರೂವರೆ ಮೀಟರ್ ಹೋಯಿತು. ಉಳಿದ ಐದೂವರೆಯಲ್ಲಿ ಎದುರುಬದುರು ಬರುವ ಗಾಡಿಗಳು, ಹಾಲಿನವರು, ಶಾಲೆಯ ಆಟೊ, ವಾಕಿಂಗ್ ಹೊರಟ ಹಿರಿಯರು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ತೆರವಾದ ಅಗಲ ಬೇಕೆನ್ನುತ್ತದೆ. ಹೆಚ್ಚುಕಡಿಮೆ ಒಂದು ಕಾರಿನ ಅಗಲ. ಬೀದಿಯ ಒಂದು ಬದಿಯ ಕಾರುಗಳನ್ನು ಎತ್ತಿದರೆ ಫುಟ್‌ಪಾತಿಗೆ ಬೇಕಾದ ಜಾಗ ಪೂರ್ತಿ ಸಿಗುತ್ತದೆ, ಒಂದಿಂಚು ಭೂಸ್ವಾಧೀನವಿಲ್ಲದೆ.

ಓಡುವಾಗಲೂ ಅಷ್ಟೇ. ಒಂದು ಬಸ್ಸಿನಲ್ಲಿ 60 ಜನ. ಕಾರಿಗೆ ತಲಾ ಒಂದೂವರೆ ಜನ ಎಂದರೆ ಆ 60 ಜನಕ್ಕೆ 40 ಕಾರು. ನಡುವಿನ ಅಂತರ ಸೇರಿ ಕಾರಿಗೆ 6 ಮೀಟರ್ ಹಿಡಿದರೆ 240 ಮೀಟರ್ ಉದ್ದದ ಸಾಲು. ಬಸ್ಸಿಗೆ ಬೇಕಾದ್ದು 15 ಮೀಟರ್. ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿ ವರ್ಷಗಳಾದವು, ಕಾರುಗಳೇ 20 ಲಕ್ಷಕ್ಕೂ ಹೆಚ್ಚು. ಬಿಎಂಟಿಸಿಯ ಬಸ್ಸುಗಳು ಸುಮಾರು 7,000. ಆ ಏಳು ಸಾವಿರವೇ ದಿನಕ್ಕೆ 40 ಲಕ್ಷಕ್ಕೂ ಮಿಕ್ಕಿ ಪ್ರಯಾಣ ಮಾಡಿಸುತ್ತವೆ, ಮತ್ತು ಆ 20 ಲಕ್ಷ ಕಾರುಗಳ ಹಿಂದೆ ಸಿಗ್ನಲ್ಲಿನಲ್ಲಿ ಕಾಯುತ್ತವೆ.

ನಿಧಾನಕ್ಕೆ ಬೆಲೆ ಎಷ್ಟು? ಇದನ್ನೂ ಅಂಕಿಯಲ್ಲೇ ಹೇಳಬಹುದು. ಮಾಗಡಿ ರಸ್ತೆಯಲ್ಲಾಗಲಿ ಡಾ. ರಾಜ್‌ಕುಮಾರ್ ರಸ್ತೆಯಲ್ಲಾಗಲಿ ಎರಡು ಸಿಗ್ನಲ್ ನಡುವೆ ಅರ್ಧ ಕಿ.ಮೀ. ಖಾಲಿ ಸಿಕ್ಕಿತು ಎನ್ನಿ. 60ರಲ್ಲಿ ಹೋದರೆ 30 ಸೆಕೆಂಡು, 40ರಲ್ಲಿ ಹೋದರೆ 45. ಉಳಿದದ್ದು 15 ಸೆಕೆಂಡು. ಅದೂ ಮುಂದಿನ ಕೆಂಪು ದೀಪದಲ್ಲಿ ಕರಗುತ್ತದೆ. ಈಗ ಇಪ್ಪತ್ತು ಮೀಟರ್ ಮುಂದೆ ಒಂದು ಮಗು ನಿಂತ ಗಾಡಿಗಳ ಮಧ್ಯದಿಂದ ರಸ್ತೆಗೆ ಕಾಲಿಟ್ಟಿತು. ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು. 40ರಲ್ಲಿದ್ದ ಕಾರು ಆ ಸೆಕೆಂಡಿನಲ್ಲಿ 11 ಮೀಟರ್ ಸಾಗಿ, ಒಣ ರಸ್ತೆಯಲ್ಲಿ ಮತ್ತೆ ಒಂಬತ್ತು ಮೀಟರ್ ಜಾರಿ ಮಗುವಿನ ಮುಂದೆ ನಿಲ್ಲುತ್ತದೆ. 60ರಲ್ಲಿದ್ದ ಕಾರು ಬ್ರೇಕು ತುಳಿಯುವ ಹೊತ್ತಿಗೇ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಮಗುವನ್ನು ತಲುಪುವಾಗ ಅದರ ವೇಗ ಇನ್ನೂ ಗಂಟೆಗೆ 55 ಕಿ.ಮೀ. ಹದಿನೈದು ಸೆಕೆಂಡಿನ ಎದುರು ಇಟ್ಟು ನೋಡಬೇಕಾದ ಅಂಕಿ ಇದು. ಸರಾಸರಿ ವೇಗ ಶೇ 1 ಹೆಚ್ಚಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇ 4 ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದನ್ನೇ.

ಕೆಂಗೇರಿಯ ಆಚೆಗೆ ಇದರ ಪ್ರಮಾಣ ಕಣ್ಣೆದುರೇ ಇದೆ. 118 ಕಿ.ಮೀ.ಯ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆ ವರ್ಷ ಅದರ ಮೇಲೆ ಸತ್ತವರು 188. ಆಗಸ್ಟ್ 1ರಿಂದ ಬೈಕು, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ವೇಗದ ಮಿತಿ 100 ಎಂದು ಕ್ಯಾಮೆರಾ ಹಾಕಿ ಪೊಲೀಸರು ದಂಡ ವಸೂಲಿಗೆ ನಿಂತರು. 2024ರಲ್ಲಿ ಸತ್ತವರು 50. ಎಲ್ಲವೂ ವೇಗ ಇಳಿದದ್ದರಿಂದಲೇ ಆದದ್ದಲ್ಲ, ಬೈಕುಗಳು ಹೊರಗೆ ಹೋದದ್ದೂ ಸೇರಿದೆ. ಆದರೆ 120ರ ಬದಲು 100ರಲ್ಲಿ ಇಡೀ ದಾರಿ ಹೋದರೆ ತಡವಾಗುವುದು 12 ನಿಮಿಷ. ಕುಂಬಳಗೋಡು ದಾಟಿ ನಾಯಂಡಹಳ್ಳಿಗೆ ಬರುವುದರೊಳಗೆ ಆ ಹನ್ನೆರಡು ನಿಮಿಷ ಟ್ರಾಫಿಕ್ಕಿನಲ್ಲಿ ಹೇಗೂ ಹೋಗುತ್ತದೆ.

ಬಡಾವಣೆಯ ಒಳಗೆ 30 ಕಿ.ಮೀ. ಮಿತಿ ಹಾಕಿದರೆ? ಪ್ಯಾರಿಸ್ 2021ರ ಆಗಸ್ಟ್‌ನಲ್ಲಿ ನಗರದ ಬಹುತೇಕ ರಸ್ತೆಗಳಿಗೆ ಇದೇ ಮಿತಿ ಹಾಕಿತು. ನಮ್ಮಲ್ಲಿ ಬಸವೇಶ್ವರನಗರದ ಹಾವನೂರು ವೃತ್ತದ ಸುತ್ತಲಿನ ಅಡ್ಡರಸ್ತೆಗಳನ್ನೇ ತೆಗೆದುಕೊಳ್ಳಿ. ಮುಖ್ಯರಸ್ತೆಯಿಂದ ಮನೆಗೆ 600 ಮೀಟರ್ ಎಂದರೆ 45ರಲ್ಲಿ 48 ಸೆಕೆಂಡು, 30ರಲ್ಲಿ 72. ಒಂದು ಸಲಕ್ಕೆ 24 ಸೆಕೆಂಡು, ತಿಂಗಳಿಗೆ 20 ನಿಮಿಷ. ಬಸವೇಶ್ವರನಗರದ ಮಕ್ಕಳು ಬೀದಿಯಲ್ಲಿ ಆಡಲು, ವಯಸ್ಸಾದವರು ಹೆದರದೆ ರಸ್ತೆ ದಾಟಲು ಕಾರಿನವರು ಕೊಡಬೇಕಾದ ಬಾಡಿಗೆ ತಿಂಗಳಿಗೆ ಇಪ್ಪತ್ತು ನಿಮಿಷ. ನನಗೆ ಇದು ತೀರಾ ಕಡಿಮೆಯೆನಿಸುತ್ತದೆ.

ಸಾರ್ವಜನಿಕ ದುಡ್ಡು ಯಾವ ಕಡೆ ಹರಿಯುತ್ತಿದೆ ಎಂಬುದನ್ನೂ ನೋಡಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 16.7 ಕಿ.ಮೀ. ಸುರಂಗ ರಸ್ತೆಯ ಅಂದಾಜು ಹತ್ತಿರ ಹತ್ತಿರ 17,700 ಕೋಟಿ ರೂ. ಕಿ.ಮೀ.ಗೆ 1,000 ಕೋಟಿ ಮೀರುತ್ತದೆ. ಮೆಟ್ರೊ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್ 16ರಂದು ಒಪ್ಪಿಗೆ ಕೊಟ್ಟಿತು. ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರಕ್ಕೆ 32.15 ಕಿ.ಮೀ., ಹೊಸಹಳ್ಳಿಯಿಂದ ಕಡಬಗೆರೆಗೆ 12.5 ಕಿ.ಮೀ., ಎರಡೂ ಸೇರಿ 15,611 ಕೋಟಿ. ಕಿ.ಮೀ.ಗೆ 350 ಕೋಟಿ. ಒಂದು ಕಿ.ಮೀ. ಸುರಂಗದ ದುಡ್ಡಿನಲ್ಲಿ ಮೂರು ಕಿ.ಮೀ. ಮೆಟ್ರೊ. ಈ ಮೂರನೇ ಹಂತ ಹೆಚ್ಚಾಗಿ ಪಶ್ಚಿಮದ್ದೇ: ಮಾಗಡಿ ರಸ್ತೆ, ಸುಮನಹಳ್ಳಿ, ನಾಗರಬಾವಿ. ಅದೇ ಕಂಬಗಳ ಮೇಲೆ ಕಾರುಗಳಿಗೂ ಒಂದು ಫ್ಲೈಓವರ್ ಕಟ್ಟುವ ಎರಡಂತಸ್ತಿನ ಯೋಜನೆ ಸೇರಿಕೊಂಡಿದೆ. ಮೆಟ್ರೊಗೆ ಪ್ರಯಾಣಿಕರನ್ನು ಸೆಳೆಯಬೇಕಾದ ದಾರಿಯಲ್ಲೇ ಕಾರಿಗೂ ಹೊಸ ರಸ್ತೆ ಕೊಡುವುದು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಇನ್ನೊಂದು ಕಡೆ ಕೆಂಗೇರಿ–ವೈಟ್‌ಫೀಲ್ಡ್ ಉಪನಗರ ರೈಲು, 35.52 ಕಿ.ಮೀ.ಯ ‘ಪಾರಿಜಾತ’ ಮಾರ್ಗ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆಯ ಭಾಗ.

ಇದೆಲ್ಲ ಮುಗಿಯಲು ವರ್ಷಗಳು ಬೇಕು. ಬಸವೇಶ್ವರನಗರದವರಿಗೆ ಇವತ್ತಿನ ಕಷ್ಟ ಬೇರೆ. ಹಸಿರು ಮಾರ್ಗ 2014ರಲ್ಲೇ ರಾಜಾಜಿನಗರ, ಮಹಾಲಕ್ಷ್ಮಿಗೆ ಬಂತು. ನೇರಳೆ ಮಾರ್ಗ 2015ರಲ್ಲಿ ವಿಜಯನಗರ, ಹೊಸಹಳ್ಳಿಗೆ ಬಂತು, 2021ರ ಆಗಸ್ಟ್‌ನಲ್ಲಿ ಕೆಂಗೇರಿ ತಲುಪಿತು. ಎರಡರ ನಡುವೆ ಸಿಕ್ಕಿಕೊಂಡ ಬಸವೇಶ್ವರನಗರಕ್ಕೆ ಒಂದೂ ನಿಲ್ದಾಣವಿಲ್ಲ. ನಿಲ್ದಾಣಕ್ಕೆ ಒಂದೂವರೆ ಕಿ.ಮೀ. ನಡೆದರೆ 18 ನಿಮಿಷ, ನಡೆಯುವ ಫುಟ್‌ಪಾತ್ ಇದ್ದರೆ. ಆಟೊ ಹಿಡಿದರೆ 2025ರ ಆಗಸ್ಟ್‌ನಿಂದ ಕನಿಷ್ಠ 36 ರೂ. ಬಿಎಂಟಿಸಿಯ ಕನಿಷ್ಠ ಟಿಕೆಟ್ 6 ರೂ. ಒಂದು ಕಡೆಗೆ 30 ರೂ. ವ್ಯತ್ಯಾಸ, ದಿನಕ್ಕೆ 60, ತಿಂಗಳಿಗೆ 1,500. ಗಂಡ ಹೆಂಡತಿಗೆ ಮೆಟ್ರೊಗೂ ಪೆಟ್ರೋಲಿಗೂ ನಡುವೆ ಇದ್ದದ್ದು 740 ರೂಪಾಯಿ ಎಂದು ಮೇಲೆ ಕಂಡೆವು. ದಿನಾ ಆಟೊ ಹಿಡಿಯಬೇಕಾದರೆ ಆ ಉಳಿತಾಯ ಹೋಗಿ, ಅವರಿಗೆ ಕಾರೇ ಸಾವಿರ ರೂಪಾಯಿ ಅಗ್ಗವಾಗುತ್ತದೆ. ಹತ್ತು ನಿಮಿಷಕ್ಕೊಂದು ಚಿಕ್ಕ ಬಸ್ಸು ಹಾವನೂರು ವೃತ್ತ, ಶಂಕರಮಠದ ಕಡೆಯಿಂದ ರಾಜಾಜಿನಗರ ಮತ್ತು ವಿಜಯನಗರ ನಿಲ್ದಾಣಗಳಿಗೆ ಓಡಾಡಿದರೆ, ಆ ದಾರಿಯಲ್ಲಿ 1.8 ಮೀಟರ್ ಫುಟ್‌ಪಾತ್ ತೆರವಾದರೆ, ಲೆಕ್ಕ ಮತ್ತೆ ಮೆಟ್ರೊ ಕಡೆ ವಾಲುತ್ತದೆ. 2025ರ ಸೆಪ್ಟೆಂಬರಿನಿಂದ ಪಶ್ಚಿಮ ಬೆಂಗಳೂರಿಗೇ ಪ್ರತ್ಯೇಕ ನಗರ ಪಾಲಿಕೆ ಬಂದಿದೆ. ಫುಟ್‌ಪಾತು ಅದರ ಕೈಯಲ್ಲಿದೆ, ಬಸ್ಸು ಬಿಎಂಟಿಸಿಯ ಕೈಯಲ್ಲಿ. ಇಬ್ಬರೂ ಸೇರಿ ಮೊದಲು ನಿಲ್ದಾಣದವರೆಗಿನ ಈ ಒಂದೂವರೆ ಕಿಲೋಮೀಟರನ್ನು ಸರಿಮಾಡಲಿ.